ನಿಸ್ತಂತು ಚಾಲಕಗಳ ಕಥೆ: ಕರ್ನೆಲ್ ಬದಲಾದಾಗ ವೈ-ಫೈ ಏಕೆ ಮೌನವಾಗುತ್ತದೆ?

ನಿಮ್ಮ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಇದೆ ಎಂದುಕೊಳ್ಳಿ. ರಾತ್ರಿ ಮಲಗುವ ಮುನ್ನ, ಹೊಸ ತಂತ್ರಾಂಶ ಲಭ್ಯವಿದೆ, ಅಳವಡಿಸಲೇ ಎಂದು ಅದು ವಿನಯದಿಂದ ಕೇಳಿತು. ನೀವು ಒಪ್ಪಿಗೆ ಕೊಟ್ಟಿರಿ. ಬೆಳಗ್ಗೆ ಗಣಕವೇನೋ ಎಂದಿನಂತೆ ಎದ್ದಿತು. ಪರದೆ ಸರಿ, ಧ್ವನಿ ಸರಿ, ಕೀಲಿಮಣೆಯೂ ಸರಿ. ಆದರೆ ಮೂಲೆಯಲ್ಲಿರಬೇಕಾದ ವೈ-ಫೈ ಚಿಹ್ನೆ ಮಾತ್ರ ಕಾಣುತ್ತಿಲ್ಲ. ಜಾಲಗಳ ಪಟ್ಟಿಯಲ್ಲಿ ನಿಮ್ಮ ಮನೆಯದೂ ಇಲ್ಲ, ಪಕ್ಕದ ಮನೆಯದೂ ಇಲ್ಲ. ಯಂತ್ರದಲ್ಲಿ ರೇಡಿಯೋ ಎಂಬುದೊಂದು ಇತ್ತೆಂಬುದನ್ನೇ ಗಣಕ ಮರೆತಂತಿದೆ.

ನಮ್ಮ ವಿಭಾಗದ ಪ್ರಯೋಗಾಲಯದಲ್ಲಿ ಇದು ನಡೆದಾಗ ಮರುದಿನ ವಿದ್ಯಾರ್ಥಿಯೊಬ್ಬನ ಪ್ರಾಜೆಕ್ಟ್ ಪರೀಕ್ಷೆ ಇತ್ತು. ದೂರದ ಉಪಕರಣದಿಂದ ನಿಸ್ತಂತುವಾಗಿ ಅಂಕಿಅಂಶ ಬರುವುದೇ ಅವನ ಪ್ರಯೋಗದ ಜೀವಾಳ. ಅವನ ಮುಖ ನೋಡಲಾಗುತ್ತಿರಲಿಲ್ಲ. ದುರಸ್ತಿಗೆ ಬೇಕಾದ ಕಡತಗಳು ಅಂತರಜಾಲದಲ್ಲಿದ್ದವು. ಅಂತರಜಾಲಕ್ಕೆ ಹೋಗಲು ದುರಸ್ತಿಯಾಗಬೇಕಿತ್ತು. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎಂಬ ನಮ್ಮ ಗಾದೆ ಈ ಸಂದರ್ಭಕ್ಕೆಂದೇ ಹುಟ್ಟಿದಂತಿದೆ. ಆ ದಿನ ಹೇಗೋ ಪಾರಾದೆವು. ಹೇಗೆಂಬುದನ್ನು ಮುಂದೆ ಹೇಳುತ್ತೇನೆ. ಆದರೆ ಪರದೆ, ಕೀಲಿಮಣೆಗಳಿಗೆ ಬಾರದ ಈ ಕಾಯಿಲೆ ವೈ-ಫೈಗೇ ಏಕೆ ಹೆಚ್ಚಾಗಿ ಬರುತ್ತದೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉತ್ತರ ಹುಡುಕುತ್ತ ಹೋದರೆ ಅದು ಸುಮಾರು ಮೂವತ್ತು ವರ್ಷಗಳ ಇತಿಹಾಸಕ್ಕೆ ಕರೆದೊಯ್ಯುತ್ತದೆ. ಅದರಲ್ಲಿ ವಿದ್ಯುತ್ಕಾಂತೀಯ ಅಲೆಗಳಿವೆ, ಸರಕಾರಿ ಕಾನೂನುಗಳಿವೆ, ಕಂಪನಿಗಳ ಗುಟ್ಟುಗಳಿವೆ, ಮತ್ತು ಆ ಗುಟ್ಟುಗಳನ್ನು ತಾಳ್ಮೆಯಿಂದ ಬಿಡಿಸಿದ ಕೆಲವರ ದುಡಿಮೆಯಿದೆ.

ಮೊದಲು ಒಂದೆರಡು ಪದಗಳು. ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ ಕರ್ನೆಲ್ ಎನ್ನುತ್ತಾರೆ. ಒಂದೊಂದು ಯಂತ್ರಭಾಗದೊಡನೆ ಮಾತಾಡಲು ಕರ್ನೆಲ್ಲಿಗೆ ಒಬ್ಬೊಬ್ಬ ದುಭಾಷಿ ಬೇಕು. ಅದೇ ಚಾಲಕ ತಂತ್ರಾಂಶ, ಅಥವಾ ಡ್ರೈವರ್. ಲಿನಕ್ಸಿನಲ್ಲಿ ಹೆಚ್ಚಿನ ಚಾಲಕಗಳು ಮಾಡ್ಯೂಲ್ ಎಂಬ ಬಿಡಿ ಕಡತಗಳಾಗಿದ್ದು ಬೇಕೆನಿಸಿದಾಗ ಕರ್ನೆಲ್ಲಿನೊಳಕ್ಕೆ ಸೇರಿಕೊಳ್ಳುತ್ತವೆ. ಇನ್ನೊಂದು ಮಾತು: ಭೌತಶಾಸ್ತ್ರದವರಾದ ನಮಗೆ ಆವೃತ್ತಿ ಎಂದರೆ ಅಲೆಯೊಂದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಸಂಖ್ಯೆ, ಗಣಕದವರಿಗೆ ಅದು ತಂತ್ರಾಂಶದ ಹೊಸ ಹಳೆಯ ಅವತಾರ. ಈ ಲೇಖನದಲ್ಲಿ ಎರಡೂ ಬರುವುದರಿಂದ ಮೊದಲನೆಯದನ್ನು ಕಂಪನಾಂಕ ಎಂದೇ ಕರೆಯುತ್ತೇನೆ.

ಲಿನಕ್ಸ್ ಕರ್ನೆಲ್ಲಿನ ಹೊಸ ಆವೃತ್ತಿ ಈಗ ಸುಮಾರು ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊರಬರುತ್ತದೆ. ಪ್ರತಿಯೊಂದು ಆವೃತ್ತಿಗೂ ಅದರದೇ ಮಾಡ್ಯೂಲುಗಳ ಕಡತಕೋಶವಿರುತ್ತದೆ. ಪ್ರತಿ ಮಾಡ್ಯೂಲಿನ ಮೇಲೂ ತಾನು ಯಾವ ಆವೃತ್ತಿಗಾಗಿ ಸಿದ್ಧವಾದದ್ದು ಎಂಬ ಮುದ್ರೆ ಇರುತ್ತದೆ. ಮುದ್ರೆ ಹೊಂದದಿದ್ದರೆ ಕರ್ನೆಲ್ ಅದನ್ನು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಇದು ಹಟವಲ್ಲ. ಕರ್ನೆಲ್ಲಿನೊಳಗಿನ ದತ್ತಾಂಶ ರಚನೆಗಳು, ಕಾರ್ಯಗಳ ಹೆಸರುಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಲೇ ಇರುತ್ತವೆ. ಹಳೆಯ ಲೆಕ್ಕದ ಮಾಡ್ಯೂಲ್ ಹೊಸ ಕರ್ನೆಲ್ಲಿನ ಸ್ಮೃತಿಯಲ್ಲಿ ತಪ್ಪು ಜಾಗಕ್ಕೆ ಕೈಹಾಕಿದರೆ ಇಡೀ ಗಣಕ ಕುಸಿಯುತ್ತದೆ.

ಕರ್ನೆಲ್ಲನ್ನು ಬೆಳೆಯುವ ಹುಡುಗನಿಗೆ ಹೋಲಿಸಬಹುದು. ಮನೆಯಲ್ಲೇ ಹೊಲಿಯುವ ತಾಯಿ ಹುಡುಗ ಬೆಳೆದಂತೆಲ್ಲ ಅಂಗಿಯ ಮಡಿಕೆ ಬಿಚ್ಚಿ ಅಳತೆ ಸರಿಮಾಡುತ್ತಾಳೆ. ಹೊರಗಿನ ದರ್ಜಿ ಹೋದ ವರ್ಷದ ಅಳತೆಗೆ ಹೊಲಿದುಕೊಟ್ಟು ಊರುಬಿಟ್ಟರೆ ಈ ವರ್ಷ ಆ ಅಂಗಿ ಏರುವುದಿಲ್ಲ. ಕರ್ನೆಲ್ಲಿನ ಮೂಲಸಂಕೇತದ ಒಳಗೇ ಇರುವ ಚಾಲಕಗಳು ಮನೆಯ ಅಂಗಿಗಳು. ಒಳಗಿನ ರಚನೆಯನ್ನು ಬದಲಿಸುವವರೇ ಅದನ್ನು ಬಳಸುವ ಎಲ್ಲ ಚಾಲಕಗಳನ್ನೂ ತಿದ್ದಬೇಕೆಂಬುದು ಅಲ್ಲಿನ ನಿಯಮ. ಹೊರಗೆ ಉಳಿದ ಚಾಲಕಕ್ಕೆ ಈ ಭಾಗ್ಯವಿಲ್ಲ. ಕರ್ನೆಲ್ ಅಭಿವರ್ಧಕರಲ್ಲಿ ಪ್ರಮುಖರಾದ ಗ್ರೆಗ್ ಕ್ರೋ-ಹಾರ್ಟ್‌ಮನ್ ಅವರು ಒಳಗಿನ ರಚನೆಯನ್ನು ಸ್ಥಿರವಾಗಿಡುವುದಿಲ್ಲ ಏಕೆ ಎಂಬುದನ್ನು ವಿವರಿಸಿ ಒಂದು ಟಿಪ್ಪಣಿಯನ್ನೇ ಬರೆದಿದ್ದಾರೆ. ಅದು ಕರ್ನೆಲ್ಲಿನ ದಾಖಲೆಗಳಲ್ಲಿ ಇಂದಿಗೂ ಇದೆ.

ಹಾಗಾದರೆ ವೈ-ಫೈ ಚಾಲಕಗಳು ಹೊರಗೆ ಉಳಿದದ್ದೇಕೆ? ಆರಂಭದಲ್ಲಿ ಹಾಗಿರಲಿಲ್ಲ ಎಂಬುದು ಸ್ವಾರಸ್ಯ. 1990ರ ದಶಕದಲ್ಲಿ ವೇವ್‌ಲ್ಯಾನ್ ಎಂಬ ನಿಸ್ತಂತು ಕಾರ್ಡುಗಳಿದ್ದವು. ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ನೆರವಿನಿಂದ ಜಾನ್ ತೂರಿಲ್ ಎಂಬ ಫ್ರೆಂಚ್ ಎಂಜಿನಿಯರ್ 1996ರಿಂದ ಲಿನಕ್ಸಿಗೆ ನಿಸ್ತಂತು ವಿಸ್ತರಣೆಗಳನ್ನು ಬರೆಯತೊಡಗಿದರು. ಐಡಬ್ಲ್ಯುಕಾನ್ಫಿಗ್ ಎಂಬ ಆದೇಶವನ್ನು ಬಳಸಿದ ಹಳಬರಿಗೆ ಅವರ ಹೆಸರು ತಿಳಿದಿರಲೂಬಹುದು. 1997ರಲ್ಲಿ ಐಇಇಇ 802.11 ಮಾನಕ ಬಂತು. ವೇಗ ಸೆಕೆಂಡಿಗೆ 1 ಅಥವಾ 2 ಮೆಗಾಬಿಟ್. 1999ರ 802.11ಬಿ ಅದನ್ನು 11 ಮೆಗಾಬಿಟ್‌ಗೆ ಏರಿಸಿತು. ಆ ಕಾಲದ ಕಾರ್ಡುಗಳಲ್ಲಿ ಹೆಚ್ಚಿನ ಕೆಲಸವನ್ನು ಕಾರ್ಡಿನೊಳಗಿನ ಪುಟ್ಟ ಸಂಸ್ಕಾರಕವೇ ನಿಭಾಯಿಸುತ್ತಿತ್ತು. ಚಾಲಕದ ಪಾತ್ರ ಅಂಚೆಯವನಷ್ಟೇ.

2000ದ ನಂತರ ಚಿತ್ರ ಬದಲಾಯಿತು. ಚಿಪ್ಪಿನ ಬೆಲೆ ಇಳಿಸಲು ತಯಾರಕರು ಒಳಗಿನ ಬುದ್ಧಿವಂತಿಕೆಯನ್ನು ಕಡಿಮೆ ಮಾಡಿ ಆ ಕೆಲಸವನ್ನು ಲ್ಯಾಪ್‌ಟಾಪಿನ ಮುಖ್ಯ ಸಂಸ್ಕಾರಕಕ್ಕೆ, ಅಂದರೆ ಚಾಲಕ ತಂತ್ರಾಂಶಕ್ಕೆ, ವರ್ಗಾಯಿಸಿದರು. ಯಾವ ಕಂಪನಾಂಕದಲ್ಲಿ, ಎಷ್ಟು ಸಾಮರ್ಥ್ಯದಿಂದ ಪ್ರಸಾರ ಮಾಡಬೇಕೆಂಬುದೂ ತಂತ್ರಾಂಶದ ಕೈಗೆ ಬಂತು. ಇಲ್ಲಿಯೇ ಗುಟ್ಟಿನ ಪ್ರಶ್ನೆ ಹುಟ್ಟಿದ್ದು.

ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿ ಎಲ್ಲ ದೇಶಗಳಲ್ಲೂ ಒಂದೇ ರೀತಿ ತೆರೆದಿಲ್ಲ. ಅಮೆರಿಕದಲ್ಲಿ ಬಳಕೆಯಲ್ಲಿರುವುದು 1ರಿಂದ 11ರವರೆಗಿನ ಚಾನಲ್ಲುಗಳು, ಯುರೋಪಿನಲ್ಲಿ 13ರವರೆಗೆ. 2484 ಮೆಗಾಹರ್ಟ್ಸಿನ 14ನೆಯದು ಜಪಾನಿಗೆ ಮಾತ್ರ. ಭಾರತದಲ್ಲಿ 2400ರಿಂದ 2483.5 ಮೆಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿದ ಅಧಿಸೂಚನೆ 2005ರ ಜನವರಿಯಲ್ಲಿ ಹೊರಬಿತ್ತು. ಪ್ರೇಷಕದ ಗರಿಷ್ಠ ಸಾಮರ್ಥ್ಯ 1 ವ್ಯಾಟ್, ಆಂಟೆನಾದ ಕೇಂದ್ರೀಕರಣವನ್ನೂ ಸೇರಿಸಿದ ಪರಿಣಾಮಕ ಸಾಮರ್ಥ್ಯ 4 ವ್ಯಾಟ್. ಯುರೋಪಿನಲ್ಲಿ ಈ ಎರಡನೆಯ ಸಂಖ್ಯೆ 0.1 ವ್ಯಾಟ್ ಮಾತ್ರ. 5 ಗಿಗಾಹರ್ಟ್ಸ್ ಪಟ್ಟಿಯಂತೂ ಇನ್ನೂ ಸೂಕ್ಷ್ಮ, 5.6 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಹವಾಮಾನ ರಾಡಾರುಗಳು ಕೆಲಸ ಮಾಡುತ್ತವೆ. ವಿಮಾನ ನಿಲ್ದಾಣದ ರಾಡಾರು ಮಳೆಮೋಡ ಎಂದು ತಿಳಿದದ್ದು ಯಾರದೋ ಮನೆಯ ವೈ-ಫೈ ಆಗಿದ್ದರೆ ಅದು ನಗುವ ವಿಷಯವಲ್ಲ.

ಚಿಪ್ಪಿನ ಪೂರ್ಣ ವಿವರಗಳನ್ನು ಪ್ರಕಟಿಸಿದರೆ ಯಾರಾದರೂ ತಂತ್ರಾಂಶ ತಿದ್ದಿ ಕಾನೂನುಬಾಹಿರ ಪ್ರಸಾರ ಮಾಡಬಹುದು, ಆಗ ನಮ್ಮ ಪರವಾನಗಿಗೇ ಕುತ್ತು ಎಂಬುದು ಕಂಪನಿಗಳ ವಾದವಾಗಿತ್ತು. ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಕಾನೂನಿನ ಭಯದ ಮರೆಯಲ್ಲಿ ವ್ಯಾಪಾರದ ಗುಟ್ಟನ್ನೂ ಬಚ್ಚಿಟ್ಟುಕೊಳ್ಳುವುದು ಸುಲಭವಾಯಿತು ಎಂಬುದೂ ನಿಜ. ಮುಂದೆ ಅದೇ ಕಂಪನಿಗಳು ಅದೇ ಕಾನೂನುಗಳ ಕೆಳಗೇ ಮುಕ್ತ ಚಾಲಕಗಳನ್ನು ಕೊಟ್ಟವಲ್ಲ!

2003ರ ಮಾರ್ಚಿಯಲ್ಲಿ ಇಂಟೆಲ್ ತನ್ನ ಸೆಂಟ್ರಿನೊ ಲ್ಯಾಪ್‌ಟಾಪ್ ವೇದಿಕೆಯನ್ನು ದೊಡ್ಡ ಪ್ರಚಾರದೊಡನೆ ಬಿಡುಗಡೆ ಮಾಡಿತು. ವೈ-ಫೈ ಅದರ ಹೆಮ್ಮೆಯ ಭಾಗ. ಲಿನಕ್ಸಿಗೆ ಮಾತ್ರ ಚಾಲಕವಿರಲಿಲ್ಲ. ಬ್ರಾಡ್‌ಕಾಮ್ ಚಿಪ್ಪುಗಳಿಗೂ ಇದೇ ಸ್ಥಿತಿ. ಆಗ ಹುಟ್ಟಿದ್ದು ಒಂದು ವಿಲಕ್ಷಣ ಉಪಾಯ. ವಿಂಡೋಸಿಗಾಗಿ ಬರೆದ ಚಾಲಕವನ್ನೇ ತಂದು, ತಾನು ವಿಂಡೋಸಿನೊಳಗಿದ್ದೇನೆ ಎಂಬ ಭ್ರಮೆಯನ್ನು ಅದಕ್ಕೆ ಹುಟ್ಟಿಸಿ, ಲಿನಕ್ಸ್ ಕರ್ನೆಲ್ಲಿನೊಳಗೆ ಓಡಿಸುವುದು! 2003ರ ಕೊನೆಯಲ್ಲಿ ಪೊಂಟುಸ್ ಫುಕ್ಸ್ ಆರಂಭಿಸಿದ, ಮುಂದೆ ಗಿರಿಧರ್ ಪೆಮ್ಮಸಾನಿ ಬಹುಕಾಲ ಬೆಳೆಸಿದ ಎನ್‌ಡಿಐಎಸ್‌ವ್ರ್ಯಾಪರ್ ಮಾಡಿದ್ದು ಇದನ್ನೇ. ಆ ದಶಕದಲ್ಲಿ ಲಿನಕ್ಸ್ ಬಳಸಿದ ಸಾವಿರಾರು ಮಂದಿಗೆ ಮೊದಲ ವೈ-ಫೈ ಸಿಕ್ಕಿದ್ದು ಇದರಿಂದ. ಆದರೆ ಒಳಗೆ ಏನು ನಡೆಯುತ್ತಿದೆಯೆಂದು ಯಾರಿಗೂ ಕಾಣದ ಸಂಕೇತ ಕರ್ನೆಲ್ಲಿನ ಗರ್ಭಗುಡಿಯಲ್ಲೇ ಕುಳಿತಿರುತ್ತಿತ್ತು. ವಿಂಡೋಸ್ ಚಾಲಕಗಳು ನಿರೀಕ್ಷಿಸುವಷ್ಟು ಸ್ಟ್ಯಾಕ್ ಸ್ಥಳ ಲಿನಕ್ಸಿನಲ್ಲಿ ಇರಲಿಲ್ಲ. ಗಣಕ ಇದ್ದಕ್ಕಿದ್ದಂತೆ ಸ್ತಬ್ಧವಾದರೆ ತಪ್ಪು ಯಾರದೆಂದು ಹೇಳುವಂತೆಯೂ ಇರಲಿಲ್ಲ.

ಎಥೆರೋಸ್ ಚಿಪ್ಪುಗಳ ಕಥೆ ಸ್ವಲ್ಪ ಬೇರೆ. ಸ್ಯಾಮ್ ಲೆಫ್ಲರ್ ಬರೆದ ಚಾಲಕದ ಬಹುಭಾಗ ಮುಕ್ತವಾಗಿತ್ತು. ಚಿಪ್ಪನ್ನು ನೇರವಾಗಿ ಮುಟ್ಟುವ ಪದರ ಮಾತ್ರ ಮುಚ್ಚಿದ ಡಬ್ಬಿ. ಇದರ ಲಿನಕ್ಸ್ ರೂಪವೇ ಮ್ಯಾಡ್‌ವೈಫೈ. 2004-05ರ ಹೊತ್ತಿಗೆ ಓಪನ್‌ಬಿಎಸ್‌ಡಿ ತಂಡದ ರೈಕ್ ಫ್ಲೋಟರ್ ಆ ಡಬ್ಬಿಗೆ ಬದಲಿಯಾಗಿ ತಮ್ಮದೇ ಮುಕ್ತ ಪದರವನ್ನು ಬರೆದರು. ಇದು ಕದ್ದ ಸಂಕೇತವಿರಬಹುದೇ ಎಂಬ ಗುಸುಗುಸು ಬಹಳ ದಿನ ನಡೆಯಿತು. 2007ರ ಜುಲೈಯಲ್ಲಿ ಅಮೆರಿಕದ ಸಾಫ್ಟ್‌ವೇರ್ ಫ್ರೀಡಂ ಲಾ ಸೆಂಟರ್ ಪರಿಶೀಲಿಸಿ, ಇದರಲ್ಲಿ ಎಥೆರೋಸ್‌ನ ಕೃತಿಸ್ವಾಮ್ಯದ ಉಲ್ಲಂಘನೆ ಇಲ್ಲವೆಂದು ತಿಳಿಸಿದ ಮೇಲೆಯೇ ದಾರಿ ಸುಗಮವಾದದ್ದು. ಅದರ ಸಂತತಿಯಾದ ಎಟಿಎಚ್5ಕೆ ಚಾಲಕ 2008ರ ಏಪ್ರಿಲ್‌ನ 2.6.25 ಕರ್ನೆಲ್ಲಿನೊಳಗೆ ಬಂತು.

ನನಗೆ ಅತ್ಯಂತ ರೋಚಕವೆನಿಸಿದ್ದು ಬ್ರಾಡ್‌ಕಾಮ್ ಚಿಪ್ಪಿನ ಪ್ರಸಂಗ. ಕಂಪನಿ ದಾಖಲೆ ಕೊಡಲಿಲ್ಲ. ಆಗ ಸ್ವಯಂಸೇವಕರು ಎರಡು ತಂಡಗಳಾದರು. ಮೊದಲ ತಂಡ ಕಂಪನಿಯ ಮುಚ್ಚಿದ ಚಾಲಕವನ್ನು ಬಿಡಿಸಿ, ಅದು ಚಿಪ್ಪಿನ ಯಾವ ರಿಜಿಸ್ಟರಿಗೆ ಯಾವ ಸಂಖ್ಯೆಯನ್ನು ಯಾವ ಕ್ರಮದಲ್ಲಿ ಬರೆಯುತ್ತದೆ ಎಂದು ಗಮನಿಸಿ, ಸಾಮಾನ್ಯ ಭಾಷೆಯಲ್ಲಿ ವಿವರಣೆ ಬರೆದಿಟ್ಟಿತು. ಎರಡನೆಯ ತಂಡ ಮೂಲ ಚಾಲಕದತ್ತ ಕಣ್ಣೆತ್ತಿಯೂ ನೋಡದೆ, ಆ ವಿವರಣೆಯನ್ನಷ್ಟೇ ಓದಿ ಹೊಸ ಚಾಲಕವನ್ನು ಬರೆಯಿತು. ಹೀಗೆ ನಡುವೆ ಗೋಡೆಯಿದ್ದುದರಿಂದ ನಕಲಿನ ಆರೋಪಕ್ಕೆ ಎಡೆಯಿರಲಿಲ್ಲ. 1980ರ ದಶಕದಲ್ಲಿ ಐಬಿಎಂ ಪಿಸಿಯ ಬಯೋಸ್‌ಗೆ ಸಮನಾದುದನ್ನು ಸೃಷ್ಟಿಸಿದಾಗಲೂ ಇದೇ ವಿಧಾನ ಬಳಕೆಯಾಗಿತ್ತು. ಭೌತಶಾಸ್ತ್ರದ ವಿದ್ಯಾರ್ಥಿಗೆ ಇದು ಅಪರಿಚಿತವಲ್ಲ. ಪರಮಾಣುವನ್ನು ತೆರೆದು ನೋಡಲಾಗದೆ, ಒಳಗೆ ಕಣಗಳನ್ನು ಹಾಯಿಸಿ, ಹೊರಬಂದದ್ದನ್ನು ಅಳೆದು ರುದರ್‌ಫೋರ್ಡ್ ಬೀಜಕಣದ ಚಿತ್ರ ಬಿಡಿಸಲಿಲ್ಲವೇ? ವ್ಯತ್ಯಾಸವಿಷ್ಟೇ: ಪರಮಾಣು ತನ್ನ ಗುಟ್ಟನ್ನು ಬೇಕೆಂದೇ ಬಚ್ಚಿಟ್ಟಿರಲಿಲ್ಲ.

ಹೀಗೆ ಹುಟ್ಟಿದ ಬಿಸಿಎಂ43ಎಕ್ಸ್‌ಎಕ್ಸ್ ಚಾಲಕ 2006ರ ಜೂನಿನ 2.6.17ರಲ್ಲಿ ಕರ್ನೆಲ್ ಸೇರಿತು. ಆದರೂ ಒಂದು ಕೊರತೆ ಉಳಿಯಿತು. ಚಿಪ್ಪಿನೊಳಗೆ ಓಡುವ ಫರ್ಮ್‌ವೇರ್ ಕಂಪನಿಯ ಸೊತ್ತು. ಅದನ್ನು ಹಂಚುವ ಹಕ್ಕು ಯಾರಿಗೂ ಇರಲಿಲ್ಲ. ಆದ್ದರಿಂದ ಪ್ರತಿಯೊಬ್ಬ ಬಳಕೆದಾರನೂ ವಿಂಡೋಸ್ ಚಾಲಕವನ್ನು ಇಳಿಸಿಕೊಂಡು, ಫರ್ಮ್‌ವೇರ್ ಕಟರ್ ಎಂಬ ಸಾಧನದಿಂದ ತನಗೆ ಬೇಕಾದ ತುಂಡನ್ನು ಕತ್ತರಿಸಿ ತೆಗೆಯಬೇಕಿತ್ತು. 2008ರ ಜನವರಿಯ 2.6.24ರಲ್ಲಿ ಈ ಚಾಲಕದ ಜಾಗಕ್ಕೆ ಬಿ43 ಬಂತು. ಅದು ಕೇಳಿದ್ದು ಫರ್ಮ್‌ವೇರಿನ ನಾಲ್ಕನೆಯ ಆವೃತ್ತಿ. ಜನರ ಬಳಿ ಇದ್ದದ್ದು ಮೂರನೆಯದು. ಕರ್ನೆಲ್ ನವೀಕರಿಸಿದ ಮರುದಿನ ಎಷ್ಟೋ ಲ್ಯಾಪ್‌ಟಾಪುಗಳು ಮೂಕವಾದವು. ಚಾಲಕ ಇದೆ, ಚಿಪ್ಪು ಇದೆ, ನಡುವಿನ ಕಡತವೊಂದು ಹಳೆಯದು, ಅಷ್ಟೇ.

ಈ ಅವಧಿಯಲ್ಲೇ ಒಂದು ತಳಪಾಯವೂ ಸಿದ್ಧವಾಯಿತು. ಪ್ರತಿ ಚಾಲಕವೂ 802.11ರ ನಿಯಮಗಳನ್ನು ತಾನೇ ಬರೆದುಕೊಳ್ಳುತ್ತಿದ್ದುದು ತಪ್ಪಿ, ಡಿವೈಸ್‌ಸ್ಕೇಪ್ ಎಂಬ ಕಂಪನಿ ಮುಕ್ತವಾಗಿ ಕೊಟ್ಟ ಸಂಕೇತದ ಮೇಲೆ ಕಟ್ಟಿದ ಮ್ಯಾಕ್80211 ಎಂಬ ಸಾಮಾನ್ಯ ಪದರ 2007ರ ಜುಲೈಯ 2.6.22ರಲ್ಲಿ ಬಂತು. ಬಳಿಕ ದೇಶವಾರು ಕಂಪನಾಂಕ ಮತ್ತು ಸಾಮರ್ಥ್ಯಗಳ ಪಟ್ಟಿಯನ್ನು ಎಲ್ಲ ಚಾಲಕಗಳಿಗೂ ಸಾಮಾನ್ಯವಾಗಿ ಒದಗಿಸಲಾಯಿತು. ಕಾನೂನಿನ ಭಯಕ್ಕೆ ಇದೇ ಸರಿಯಾದ ಉತ್ತರವಾಗಿತ್ತೆಂದು ನನ್ನ ಅನಿಸಿಕೆ. ಇಂಟೆಲ್ 2006ರಲ್ಲಿ ತನ್ನ 3945 ಚಿಪ್ಪಿನ ಚಾಲಕದೊಡನೆ, ನಿಯಮ ಪಾಲನೆಗೆಂದು ಮುಚ್ಚಿದ ಕಾವಲು ತಂತ್ರಾಂಶವೊಂದನ್ನು ಕಡ್ಡಾಯ ಮಾಡಿತ್ತು. 2007ರಲ್ಲಿ ಅದನ್ನು ಕೈಬಿಟ್ಟಿತು. 2008ರ ಜುಲೈಯಲ್ಲಿ ಎಥೆರೋಸ್ ತಾನೇ ಎಟಿಎಚ್9ಕೆ ಎಂಬ ಪೂರ್ಣ ಮುಕ್ತ ಚಾಲಕವನ್ನು ಬಿಡುಗಡೆ ಮಾಡಿತು. 2010ರ ಸೆಪ್ಟೆಂಬರಿನಲ್ಲಿ ಬ್ರಾಡ್‌ಕಾಮ್ ಕೂಡ ತನ್ನ ಕೆಲವು ಹೊಸ ಚಿಪ್ಪುಗಳಿಗೆ ಮುಕ್ತ ಚಾಲಕ ಕೊಟ್ಟಿತು. ಏಳು ವರ್ಷಗಳ ಹಿಂದೆ ಇದನ್ನು ಯಾರಾದರೂ ಹೇಳಿದ್ದರೆ ನಗುತ್ತಿದ್ದರು.

ಕೆಲವು ಚಿಪ್ಪುಗಳು ಮಾತ್ರ ಹೊರಗೇ ಉಳಿದವು. ಅವಕ್ಕಾಗಿ ಬ್ರಾಡ್‌ಕಾಮ್ 2008ರಿಂದ ಡಬ್ಲ್ಯುಎಲ್ ಎಂಬ ಮಿಶ್ರ ಚಾಲಕವನ್ನು ಕೊಡುತ್ತ ಬಂದಿತ್ತು. ಒಳತಿರುಳು ಮುಚ್ಚಿದ್ದು, ಮೇಲಿನ ತೆಳು ಸಿಪ್ಪೆ ಮಾತ್ರ ಮೂಲಸಂಕೇತ. ಆ ಸಿಪ್ಪೆಯನ್ನು ಪ್ರತಿ ಕರ್ನೆಲ್ಲಿಗೂ ಹೊಸದಾಗಿ ಕಂಪೈಲ್ ಮಾಡಬೇಕು. ಅದರ ಕೊನೆಯ ಆವೃತ್ತಿ ಬಂದದ್ದು 2015ರಲ್ಲಿ. ಆಮೇಲಿನ ಕಥೆ ನೋಡಿ. 2016ರ 4.7 ಕರ್ನೆಲ್ಲಿನಲ್ಲಿ ಕಂಪನಾಂಕ ಪಟ್ಟಿಯನ್ನು ಸೂಚಿಸುವ ಒಂದು ಹೆಸರು ಬದಲಾಯಿತು. ಚಾಲಕ ಕಂಪೈಲ್ ಆಗಲಿಲ್ಲ. 2018ರ 4.15ರಲ್ಲಿ ಕಾಲಮಾಪಕಗಳನ್ನು ಹೂಡುವ ಹಳೆಯ ವಿಧಾನ ಹೋಯಿತು, ಮತ್ತೆ ನಿಂತಿತು. 2020ರ 5.6ರಲ್ಲಿ ಐಒರೀಮ್ಯಾಪ್_ನೋಕ್ಯಾಶ್ ಎಂಬ ಕಾರ್ಯವನ್ನೇ ತೆಗೆದುಹಾಕಿದರು, ಮತ್ತೊಮ್ಮೆ. ಪ್ರತಿ ಸಲವೂ ಡೆಬಿಯನ್, ಉಬುಂಟು, ಆರ್ಚ್ ಮುಂತಾದ ವಿತರಣೆಗಳ ನಿರ್ವಾಹಕರು ಸಿಪ್ಪೆಗೆ ತೇಪೆ ಹಾಕಿ ಅದನ್ನು ಬದುಕಿಸಿದ್ದಾರೆ. ತಿರುಳಿನಲ್ಲಿ ದೋಷವಿದ್ದರೆ ಮಾತ್ರ ಯಾರೂ ಏನೂ ಮಾಡುವಂತಿಲ್ಲ.

ಈಗ ನಿಮ್ಮ ಮೂಕ ಲ್ಯಾಪ್‌ಟಾಪಿಗೆ ಬರೋಣ. ಮೊದಲನೆಯದಾಗಿ, ಗಾಬರಿಯಾಗಿ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಡಿ. ಹಳೆಯ ಕರ್ನೆಲ್ ಸಾಮಾನ್ಯವಾಗಿ ಡಿಸ್ಕಿನಲ್ಲೇ ಇರುತ್ತದೆ. ಗಣಕ ಆರಂಭವಾಗುವಾಗ ಗ್ರಬ್ ಪಟ್ಟಿಯಲ್ಲಿ ಮುಂದುವರಿದ ಆಯ್ಕೆಗಳಿಗೆ ಹೋಗಿ ಹಿಂದಿನ ಆವೃತ್ತಿಯನ್ನು ಆರಿಸಿದರೆ ವೈ-ಫೈ ಬಂದರೂ ಬಂತು. ಬಂದರೆ ಯಂತ್ರಾಂಶ ಕೆಟ್ಟಿಲ್ಲವೆಂಬುದೂ ಖಚಿತವಾಯಿತು. ನಮ್ಮ ವಿದ್ಯಾರ್ಥಿಯ ಪರೀಕ್ಷೆ ನಡೆದದ್ದು ಹೀಗೆಯೇ, ಹಳೆಯ ಕರ್ನೆಲ್ಲಿನಲ್ಲಿ. ಅದೂ ಇಲ್ಲವಾದರೆ ಮೊಬೈಲ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಆರಂಭಿಸಿ. ಗಾದೆಯ ಸುಳಿಯಿಂದ ಹೊರಬರಲು ಇಷ್ಟು ಸಾಕು.

ಅನಂತರ ಚಿಪ್ಪು ಯಾವುದೆಂದು ತಿಳಿಯಬೇಕು. ಎಲ್‌ಎಸ್‌ಪಿಸಿಐ ಎಂಬ ಆದೇಶ ಅದನ್ನು ತಯಾರಕನ ಸಂಕೇತಸಂಖ್ಯೆಯೊಡನೆ ತೋರಿಸುತ್ತದೆ. ಇಂಟೆಲ್‌ನ ಸಂಖ್ಯೆ 8086 ಎಂಬುದನ್ನು ನೋಡಿ ಹಳೆಯ ಸಂಸ್ಕಾರಕವನ್ನು ಬಲ್ಲವರು ಮುಗುಳ್ನಗಬಹುದು. ಬಳಿಕ ಡಿಎಂಇಎಸ್‌ಜಿ ಆದೇಶದಲ್ಲಿ ಕರ್ನೆಲ್ಲಿನ ದಿನಚರಿಯನ್ನು ಓದಿ. ಫರ್ಮ್‌ವೇರ್ ಸಿಗಲಿಲ್ಲವೆಂದು ದೂರಿದ್ದರೆ ಲಿನಕ್ಸ್-ಫರ್ಮ್‌ವೇರ್ ಪೊಟ್ಟಣವನ್ನು ನವೀಕರಿಸಿದರೆ ಮುಗಿಯಿತು. ಚಾಲಕದ ಸುಳಿವೇ ಇಲ್ಲದಿದ್ದರೆ ಅದು ಹೊರಗಿನ ಚಾಲಕವಿರಬೇಕು. 2003ರಲ್ಲಿ ಡೆಲ್ ಕಂಪನಿಯಲ್ಲಿ ಹುಟ್ಟಿದ ಡಿಕೆಎಂಎಸ್ ಎಂಬ ವ್ಯವಸ್ಥೆ ಇಂಥ ಚಾಲಕಗಳನ್ನು ಪ್ರತಿ ಹೊಸ ಕರ್ನೆಲ್ಲಿಗೂ ತಾನಾಗಿ ಕಂಪೈಲ್ ಮಾಡುತ್ತದೆ. ಆದರೆ ಅದಕ್ಕೆ ಹೊಸ ಕರ್ನೆಲ್ಲಿನ ಹೆಡರ್ ಕಡತಗಳು ಬೇಕು. ಹತ್ತರಲ್ಲಿ ಆರೇಳು ಸಲ ನಾನು ಕಂಡ ದೋಷ ಇದೇ: ಕರ್ನೆಲ್ ಬಂದಿದೆ, ಹೆಡರುಗಳು ಬಂದಿಲ್ಲ. ಅವನ್ನು ಹಾಕಿ ಡಿಕೆಎಂಎಸ್‌ಗೆ ಮತ್ತೊಮ್ಮೆ ಹೇಳಿದರೆ ಕೆಲಸವಾಗುತ್ತದೆ. ಹೆಡರುಗಳಿದ್ದೂ ಕಂಪೈಲ್ ಸೋತರೆ ಕರ್ನೆಲ್ಲಿನಲ್ಲಿ ಏನೋ ಹೆಸರು ಬದಲಾಗಿದೆ ಎಂದರ್ಥ. ತೇಪೆ ಬರುವವರೆಗೆ ಹಳೆಯ ಕರ್ನೆಲ್ಲಿನಲ್ಲೇ ಇರಿ. ಇತ್ತೀಚಿನ ಯಂತ್ರಗಳಲ್ಲಿ ಇನ್ನೊಂದು ಕಾವಲುಗಾರನಿದ್ದಾನೆ: ಸೆಕ್ಯೂರ್ ಬೂಟ್. ಮಾಡ್ಯೂಲ್ ಸರಿಯಾಗಿ ಸಿದ್ಧವಾಗಿದ್ದರೂ ಅದಕ್ಕೆ ನಂಬಲರ್ಹ ಸಹಿ ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಆಗ ನಿಮ್ಮದೇ ಕೀಲಿಯನ್ನು ಗಣಕದಲ್ಲಿ ನೋಂದಾಯಿಸಬೇಕು. ಮರುಆರಂಭದ ವೇಳೆ ನೀಲಿ ಪರದೆ ಕೆಲವೇ ಸೆಕೆಂಡು ಕಾಯುತ್ತದೆ, ಚಹಾ ತರಲು ಎದ್ದು ಹೋಗಬೇಡಿ.

ಹೊಸ ಚಿಪ್ಪುಗಳ ಮಟ್ಟಿಗೆ ಸ್ಥಿತಿ ಎಷ್ಟೋ ಸುಧಾರಿಸಿದೆ. ಬಹುಕಾಲ ಹೊರಗಿನ ಚಾಲಕಗಳಿಂದ ಬಳಲಿಸುತ್ತಿದ್ದ ರಿಯಲ್‌ಟೆಕ್ ಚಿಪ್ಪುಗಳಿಗೆ 2019ರ 5.2 ಕರ್ನೆಲ್ಲಿನಲ್ಲಿ ಆರ್‌ಟಿಡಬ್ಲ್ಯು88, 2022ರ ಜನವರಿಯ 5.16ರಲ್ಲಿ ಆರ್‌ಟಿಡಬ್ಲ್ಯು89 ಚಾಲಕಗಳು ಒಳಗೇ ಬಂದವು. ಮುಚ್ಚಿದ ಫರ್ಮ್‌ವೇರನ್ನು ಅಧಿಕೃತ ಅನುಸ್ಥಾಪಕದಿಂದ ದೂರವಿಟ್ಟಿದ್ದ ಡೆಬಿಯನ್, 2022ರಲ್ಲಿ ಮತ ಹಾಕಿ ತೀರ್ಮಾನಿಸಿ, 2023ರ ಜೂನಿನ ತನ್ನ 12ನೆಯ ಆವೃತ್ತಿಯಿಂದ ಅದನ್ನು ಜೊತೆಯಲ್ಲೇ ಕೊಡತೊಡಗಿತು. ತತ್ತ್ವನಿಷ್ಠರಿಗೆ ಇದು ನೋವು ತಂದಿತು. ಆದರೆ ತಂತಿಯ ಜೋಡಣೆಯೇ ಇಲ್ಲದ ಲ್ಯಾಪ್‌ಟಾಪಿಗೆ ಡೆಬಿಯನ್ ಹಾಕಲು ಹೊರಟು ಮೊದಲ ಪುಟದಲ್ಲೇ ಸಿಕ್ಕಿಬಿದ್ದ ವಿದ್ಯಾರ್ಥಿಗಳನ್ನು ನೋಡಿರುವ ನಾನು ಡೆಬಿಯನ್ನಿನ ಪಕ್ಷವೇ.

ನಮ್ಮ ಪ್ರಯೋಗಾಲಯದ ಕಿಟಕಿಯ ಪಕ್ಕದ ಮೇಜಿನ ಮೇಲೆ ಎರಡು ಹಳೆಯ ಲ್ಯಾಪ್‌ಟಾಪುಗಳಿವೆ. ವಯಸ್ಸು ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ಎಟಿಎಚ್9ಕೆ ಚಾಲಕ ನಡೆಸುವ ಚಿಪ್ಪಿದೆ. ಎಷ್ಟು ಕರ್ನೆಲ್ಲುಗಳು ಬಂದುಹೋದವೋ ಲೆಕ್ಕವಿಟ್ಟಿಲ್ಲ, ಅದರ ವೈ-ಫೈ ಒಮ್ಮೆಯೂ ತಪ್ಪಿಲ್ಲ. ಇನ್ನೊಂದರ ಚಾಲಕ ಹೊರಗಿನದು. ಅದರ ಮುಚ್ಚಳದ ಮೇಲೆ ಆ ವಿದ್ಯಾರ್ಥಿ ಅಂಟಿಸಿಹೋದ ಚೀಟಿ ಇನ್ನೂ ಇದೆ: 'ಕೇಳದೆ ಅಪ್‌ಡೇಟ್ ಮಾಡಬೇಡಿ.'